ಗ್ಯಾರಂಟಿಯವರು ಮರುಗಿದ ಪ್ರಸಂಗ

ಅವರ ನಿಜವಾದ ಹೆಸರು ಅವರ ಹೆಂಡತಿಗೆ ಮತ್ತು ಪೋಸ್ಟ್‌ಮ್ಯಾನ್‌ಗೆ ಗೊತ್ತಿದೆ. ಉಳಿದ ನಮಗೆಲ್ಲ ಅವರು ಗ್ಯಾರಂಟಿ. ದೊಡ್ಡ ರಸ್ತೆಯಲ್ಲಿ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಮಾರುವ ಅಂಗಡಿಯೊಂದಿದೆ. ಅದರ ಹಿಂಭಾಗದಲ್ಲಿ, ಹೊಸ ಮಾಲು ಕೊಳ್ಳಲು ಬಂದವರ ಕಣ್ಣಿಗೆ ಬೀಳದ ಹಾಗೆ, ದೂರು ಹೇಳಿಕೊಳ್ಳುವ ಕೌಂಟರ್ ಇದೆ. ಅದರ ಹಿಂದೆ ಕೂರುವವರು ಇವರು. ಯಾರು ಏನೇ ತಂದು ಎದುರಿಗಿಟ್ಟರೂ ಡಬ್ಬ ಬಿಚ್ಚುವ ಮೊದಲೇ "ಗ್ಯಾರಂಟಿ ಮುಗಿದಿದೆ" ಎನ್ನುತ್ತಿದ್ದರು. ನಿನ್ನೆ ತಾನೇ ಕೊಂಡದ್ದು ಎಂದರೆ "ಹಾಗಾದ್ರೆ ನಿನ್ನೆಗೇ ಮುಗಿದಿದೆ" ಎನ್ನುತ್ತಿದ್ದರು.

ಕೆಟ್ಟ ಮನುಷ್ಯನೇನಲ್ಲ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಗೋಳು ಕೇಳುವ ಕೆಲಸದಲ್ಲಿ ಕಿವಿಗೂ ಮನಸ್ಸಿಗೂ ನಡುವೆ ಒಂದು ಬಾಗಿಲು ಹಾಕಿಕೊಂಡಿದ್ದರು, ಸಂಜೆ ಮನೆಗೆ ಬಂದ ಮೇಲೆ ಅದನ್ನು ತೆಗೆಯಲು ಮರೆಯುತ್ತಿದ್ದರು. ಮಾವನವರು ಸ್ಟೂಲಿನಿಂದ ಬಿದ್ದು ಕಾಲು ಮುರಿದುಕೊಂಡಾಗ ಸ್ಟೂಲು ಯಾವಾಗ ಕೊಂಡದ್ದು ಎಂದು ಕೇಳಿದ್ದರು. ಆ ಪ್ರಶ್ನೆಯನ್ನು ಅವರ ಹೆಂಡತಿ ಇವತ್ತಿಗೂ ಕ್ಷಮಿಸಿಲ್ಲ.

ಒಂದು ದಿನ ಗಿರಾಕಿಯೊಬ್ಬ ಕೆಟ್ಟ ಇಸ್ತ್ರಿಪೆಟ್ಟಿಗೆಯನ್ನು ಕೌಂಟರಿನ ಮೇಲೆ ಇಡುವ ಬದಲು ಎಸೆದ. ಅದು ಗ್ಯಾರಂಟಿಯವರ ಕಿವಿಯ ಪಕ್ಕದಲ್ಲಿ ಹಾದು ಗೋಡೆಗೆ ತೂಗುಹಾಕಿದ್ದ ಮಾಲೀಕರ ಫೋಟೋಗೆ ಬಡಿಯಿತು. ಕಿವಿಗೆ ಬಡಿದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ, ಫೋಟೋಗೆ ಬಡಿದದ್ದರಿಂದ ಮಾಲೀಕರು ಎಚ್ಚೆತ್ತರು. ಗ್ಯಾರಂಟಿಯವರನ್ನು ಒಂದು ದಿನದ ತರಬೇತಿಗೆ ಕಳಿಸಿದರು. ಸುಧಾರಿಸಿದರೆ ಗ್ರಾಹಕ ವಿಭಾಗದ ಮುಖ್ಯಸ್ಥ, ಇಲ್ಲದಿದ್ದರೆ ಗೋಡೌನು ಎಂದು ಸ್ಪಷ್ಟವಾಗಿ ಹೇಳಿಯೇ ಕಳಿಸಿದರು.

ತರಬೇತಿ ನಡೆದದ್ದು ತಣ್ಣನೆಯ ಹವೆ ಬರುವ ಹಾಲ್‌ನಲ್ಲಿ. ವೇದಿಕೆಯ ಮೇಲೆ "ಪರಾನುಭೂತಿ: ಮನೆಯಲ್ಲಿ ಮತ್ತು ವ್ಯಾಪಾರದಲ್ಲಿ" ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ತರಬೇತಿಯ ಮೇಡಂ ಬೆಳಿಗ್ಗೆ ಕಲಿಸಿದ್ದಿಷ್ಟು. ಎದುರಿನವರು ಕಷ್ಟ ಹೇಳಿಕೊಳ್ಳುವಾಗ ಕೈಯಲ್ಲಿರುವ ಕೆಲಸ ಕೆಳಗಿಡಿ. ಅವರ ಕಣ್ಣು ನೋಡಿ. ಸ್ವಲ್ಪ ಮುಂದಕ್ಕೆ ಬಾಗಿ. ಅವರ ಮಾತನ್ನೇ ಅವರಿಗೆ ತಿರುಗಿ ಹೇಳಿ, ಕೇಳಿಸಿಕೊಂಡಿದ್ದೀರಿ ಅಂತ ಗೊತ್ತಾಗಲಿ. ನಿಮಗೆ ಹಾಗನ್ನಿಸೋದು ತಪ್ಪು ಅಂತ ಮಾತ್ರ ಹೇಳಬೇಡಿ. ಆಮೇಲೆ ಊಟಕ್ಕೆ ಬಿಟ್ಟರು. ಊಟದ ನಂತರ ಎರಡನೇ ಭಾಗ: ಕೇಳಿಸಿಕೊಂಡ ಮೇಲೆ ಏನು ಮಾಡಬೇಕು. ಆ ಭಾಗದಲ್ಲಿ ಗ್ಯಾರಂಟಿಯವರು ಗಾಢ ನಿದ್ರೆಯಲ್ಲಿದ್ದರು. ಚಪ್ಪಾಳೆಗೆ ಎಚ್ಚರವಾಗಿ ತಾವೂ ಚಪ್ಪಾಳೆ ತಟ್ಟಿ, ಎಲ್ಲರ ಜೊತೆ ಪ್ರಮಾಣಪತ್ರ ತೆಗೆದುಕೊಂಡು ಬಂದರು. ವಾರವಿಡೀ ಮನೆ, ಬೀದಿ, ಅಂಗಡಿ ಎಲ್ಲ ಕಡೆ ಅಭ್ಯಾಸ ಮಾಡಿ ಎಂದು ಮೇಡಂ ಹೇಳಿದ್ದು ಮಾತ್ರ ಕಿವಿಗೆ ಬಿದ್ದಿತ್ತು.

ಮನೆಯಲ್ಲಿ ಅಭ್ಯಾಸ ಬಹಳ ಹೊತ್ತು ನಡೆಯಲಿಲ್ಲ. ಹೆಂಡತಿ ನೀರಿನ ಮೋಟಾರು ಕೆಟ್ಟಿದೆ ಎಂದರು. ಇವರು ಟವೆಲು ಕೆಳಗಿಟ್ಟು, ಕಣ್ಣಲ್ಲಿ ಕಣ್ಣಿಟ್ಟು, ಮುಂದಕ್ಕೆ ಬಾಗಿ, "ಮೋಟಾರು ಕೆಟ್ಟಿದೆ ಅಂತ ನಿನಗೆ ಬೇಜಾರಾಗಿದೆ" ಎಂದರು. ಹೆಂಡತಿ ಎರಡು ಹೆಜ್ಜೆ ಹಿಂದಕ್ಕೆ ಹೋಗಿ, "ಕುಡಿದು ಬಂದಿದ್ದೀರಾ?" ಎಂದು ಕೇಳಿದರು. ಗ್ಯಾರಂಟಿಯವರು ಬೀದಿಗಿಳಿದರು.

ಬೀದಿಯಲ್ಲಿ ಮೊದಲು ಸಿಕ್ಕವರು ಟೈಲರ್ ಮಾಸ್ಟರ್. ಅವರ ಅಂಗಡಿ ನಮ್ಮ ಕಟ್ಟಡದ ಕೆಳಗೇ ಇದೆ. ನಾನು ಅದರ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದೇನೆ, ಹೀಗಾಗಿ ನನಗೆ ಬೇಕಿಲ್ಲದ ಮಾತೂ ಕೇಳುತ್ತದೆ. ಅಂಗಡಿ ಎಂದರೆ ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಒಂದು ಕನ್ನಡಿ, ಪರದೆ ಕಟ್ಟಿದ ಮೂಲೆ, ಅಷ್ಟೇ. ಹೊಸ್ತಿಲ ಹತ್ತಿರದ ಮಣೆಯ ಮೇಲೆ ಮಾಸ್ಟರ್ ಹೆಂಡತಿ ಕೂತು ಗುಂಡಿ ಹೊಲಿಯುತ್ತಾರೆ, ಕಾಜ ಕಟ್ಟುತ್ತಾರೆ, ನಡುನಡುವೆ ಗಂಡನಿಗೆ ಬೈಯುತ್ತಾರೆ. ಮಾಸ್ಟರ್ ಯಂತ್ರ ತುಳಿಯುವ ಸದ್ದಿಗೂ ಆಕೆ ಬೈಯುವುದಕ್ಕೂ ಒಂದು ತಾಳ ಹೊಂದಿಕೊಂಡು ಬಹಳ ವರ್ಷಗಳಾಗಿವೆ.

ಅವತ್ತು ಆಕೆ ಒಳಗೆಲ್ಲೋ ಹೋಗಿದ್ದರು. ಮಾಸ್ಟರ್ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಾ, "ಯಾಕೋ ಗ್ಯಾರಂಟಿ, ಇತ್ತೀಚೆಗೆ ಮೈಗೆ ಹುಷಾರೇ ಇಲ್ಲ. ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ಟುತ್ತೆ. ಇವತ್ತು ಬೆಳಿಗ್ಗೆ ರಕ್ತ ಕೊಟ್ಟು ಬಂದೆ, ನಿನ್ನ ಭಾಮೈದನ ಲ್ಯಾಬಲ್ಲೇ" ಎಂದರು. ಗ್ಯಾರಂಟಿಯವರ ಹೆಂಡತಿಯ ತಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆ.

ಕಷ್ಟ ತಾನಾಗಿ ಎದುರಿಗೆ ಬಂದದ್ದು ಕಂಡು ಗ್ಯಾರಂಟಿಯವರಿಗೆ ಖುಷಿಯಾಯಿತು. ಕೈಯಲ್ಲಿದ್ದ ಚೀಲ ಕೆಳಗಿಟ್ಟರು. ಮಾಸ್ಟರ್ ಕಣ್ಣನ್ನೇ ನೋಡಿದರು. ಮೇಜಿನ ಮೇಲಿಂದ ಮುಂದಕ್ಕೆ ಬಾಗಿ, ನಿಟ್ಟುಸಿರು ಬಿಟ್ಟು, "ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ, ಮಾಸ್ಟರ್" ಎಂದರು.

ಮಾಸ್ಟರ್ ಕೈಯಲ್ಲಿದ್ದ ದಾರ ಅಲ್ಲೇ ನಿಂತಿತು. ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ಅವರು ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಸ್ಟೂಲಿನ ಕಥೆ ಬೀದಿಗೆಲ್ಲ ಗೊತ್ತಿತ್ತು. ಅಂಥ ಮನುಷ್ಯ ನಿಟ್ಟುಸಿರು ಬಿಡುತ್ತಾನೆ ಎಂದರೆ ಸುಮ್ಮನೆ ಬಿಡುವುದಿಲ್ಲ.

"ನಿನ್ನ ಭಾಮೈದ ಏನಾದ್ರೂ ಹೇಳಿದ್ನಾ?" ಎಂದು ಮಾಸ್ಟರ್ ಕೇಳಿದರು.

ಎದುರಿನವರ ಮಾತನ್ನು ತಿರುಗಿ ಹೇಳಬೇಕು. "ಭಾಮೈದ ಏನೋ ಹೇಳಿರಬಹುದು ಅಂತ ನಿಮಗನ್ನಿಸ್ತಿದೆ."

"ಅಂದ್ರೆ ದೊಡ್ಡ ಕಾಯಿಲೇನಾ?"

"ದೊಡ್ಡದಿರಬಹುದು ಅನ್ನೋ ಭಯ ನಿಮ್ಮನ್ನ ಕಾಡ್ತಿದೆ."

"ಮುಚ್ಚಿಡಬೇಡ ಮಾರಾಯ. ಹೆಚ್ಚು ದಿನ ಇಲ್ವಾ?"

"ಎಷ್ಟು ದಿನ ಅನ್ನೋದು ಬಹಳ ಕಷ್ಟದ ಪ್ರಶ್ನೆ, ಮಾಸ್ಟರ್" ಎಂದು ಹೇಳಿ ಗ್ಯಾರಂಟಿಯವರು ಅವರ ಕೈಯ ಮೇಲೆ ಕೈಯಿಟ್ಟು ಸುಮ್ಮನಾದರು. ಮೇಡಂ ಹೇಳಿದ ಯಾವುದನ್ನೂ ಬಿಟ್ಟಿರಲಿಲ್ಲ. ಚೀಲ ಎತ್ತಿಕೊಂಡು ಹಗುರಾದ ಮನಸ್ಸಿನಿಂದ ಮನೆಗೆ ಹೋದರು. ಮೇಲಿನ ಕಿಟಕಿಯಲ್ಲಿದ್ದ ನಾನು ಮಾಸ್ಟರ್ ಅಂಗಡಿ ಅಷ್ಟು ಬೇಗ ಬಾಗಿಲು ಹಾಕಿದ್ದನ್ನು ಅವತ್ತೇ ಮೊದಲು ನೋಡಿದೆ.

ಕೌಂಟರಿನಲ್ಲಿ ವಿದ್ಯೆ ಇನ್ನೂ ಚೆನ್ನಾಗಿ ನಡೆಯಿತು. ಮಿಕ್ಸಿ ಹೊತ್ತುಕೊಂಡು ಜಗಳಕ್ಕೆ ತಯಾರಾಗಿ ಬಂದ ಹೆಂಗಸೊಬ್ಬರಿಗೆ ಗ್ಯಾರಂಟಿಯವರು ಕುರ್ಚಿ ಕೊಟ್ಟು, "ಬ್ಲೇಡು ತಿರುಗದೇ ಹೋದಾಗ ನಿಮಗೆ ಹೇಗನ್ನಿಸಿತು?" ಎಂದು ಕೇಳಿದರು. ಆಕೆಗೆ ಈ ಪ್ರಶ್ನೆಯನ್ನು ಜೀವನದಲ್ಲಿ ಯಾರೂ ಕೇಳಿರಲಿಲ್ಲ. ಮಿಕ್ಸಿಯಿಂದ ಶುರುವಾದದ್ದು ಅತ್ತೆಗೆ ಹೋಯಿತು, ಅತ್ತೆಯಿಂದ ನಾದಿನಿಗೆ. ಕೊನೆಗೆ ಆಕೆ ಮೂಗು ಒರೆಸಿಕೊಂಡು, ಹಗುರಾಯಿತು ಅಂತ ಹೇಳಿ, ಕೆಟ್ಟ ಮಿಕ್ಸಿಯನ್ನು ಎತ್ತಿಕೊಂಡೇ ಮನೆಗೆ ಹೋದರು. ಫ್ಯಾನು ತಂದವನು ಫ್ಯಾನು ತೆಗೆದುಕೊಂಡು ಹೋದ. ರಿಪೇರಿ ಇಲ್ಲ, ಬದಲಿ ಇಲ್ಲ, ಜಗಳ ಇಲ್ಲ. ಮಾಲೀಕರು ತಮ್ಮ ಕೋಣೆಯ ಗಾಜಿನಿಂದ ಇದನ್ನೆಲ್ಲ ನೋಡಿ, ಮುಖ್ಯಸ್ಥ ಎಂದು ಬರೆದ ಫಲಕ ಮಾಡಿಸಲು ಹೇಳಿಕಳಿಸಿದರು.

ಇತ್ತ ಮಾಸ್ಟರ್ ಮರುದಿನ ಬೆಳಿಗ್ಗೆಯೇ ಪಕ್ಕದ ಬೇಕರಿಯವರ ಬಳಿ ಹೋದರು. ಬೇಕರಿಯವರಿಗೆ ಆ ಅಂಗಡಿಯ ಮೇಲೆ ಬಹಳ ದಿನದಿಂದ ಕಣ್ಣಿತ್ತು. ನಡುವಿನ ಗೋಡೆ ಒಡೆದು ಇನ್ನೊಂದು ಓವನ್ ಇಡಬೇಕೆಂದು ಆಸೆಪಟ್ಟು ಕೇಳಿದಾಗಲೆಲ್ಲ ಮಾಸ್ಟರ್, "ನನ್ನ ಹೆಣ ಹೋದ ಮೇಲೆ" ಎಂದು ಉಗಿದು ಕಳಿಸಿದ್ದರು. ಈಗ ತಾವೇ ಬಂದು, "ಅಂಗಡಿ ತಗೊಳ್ಳಿ. ಭಾನುವಾರ ಬೀಗದ ಕೈ ಕೊಡ್ತೀನಿ. ನಮ್ಮವಳಿಗೆ ತಿಂಗಳು ತಿಂಗಳು ಏನಾದ್ರೂ ಕೊಡ್ತಾ ಇರಿ, ಅವಳ ಗುಂಡಿ ಹೊಲಿಗೆಗೆ ಒಂದು ಮೂಲೆ ಬಿಟ್ಟುಕೊಡಿ, ಅಷ್ಟೇ" ಎಂದರು.

ಬೇಕರಿಯವರು ಕಣ್ಣೀರು ಹಾಕಿದರು. ಅದು ನಿಜವಾದ ಕಣ್ಣೀರೇ. ಅಳುತ್ತಲೇ ಒಂದು ಸಲ ಗೋಡೆಯ ಕಡೆ ನೋಡಿದ್ದೂ ನಿಜ. ಇಬ್ಬರ ಮಾತನ್ನು ಬನ್ನು ಕೊಳ್ಳಲು ನಿಂತಿದ್ದ ಗಣಿತದ ಟೀಚರ್ ಕೇಳಿಸಿಕೊಂಡರು. ಅಲ್ಲಿಗೆ ಬೀದಿಗೆಲ್ಲ ತಿಳಿಯಿತು.

ನಮ್ಮ ಬೀದಿಯ ಜನ ಮೊದಲೇ ಮೃದು ಸ್ವಭಾವದವರು, ಕಾರಣ ಸಿಕ್ಕಿರಲಿಲ್ಲ ಅಷ್ಟೇ. ಟೀಚರ್ ಮೊದಲು ಬಂದರು. ಅವರ ಕೋಟಿನ ತೋಳನ್ನು ಮಾಸ್ಟರ್ ಹಿಂದುಮುಂದಾಗಿ ಹೊಲಿದಿದ್ದರು, ಅದಕ್ಕಾಗಿ ಟೀಚರ್ ಎರಡು ಸಲ ಜಗಳವಾಡಿದ್ದರು. ಈಗ ಅದೇ ಕೋಟು ಹಾಕಿಕೊಂಡು ಬಂದು, "ಮಾಸ್ಟರ್, ನಾನೇ ತಿಳೀದೆ ಮಾತಾಡಿದ್ದೆ. ಬೋರ್ಡ್ ಮೇಲೆ ಬರೆಯೋಕೆ ಈ ತೋಳೇ ಅನುಕೂಲ" ಎಂದರು. ಪೋಸ್ಟ್‌ಮ್ಯಾನ್ ಬಂದು, ಕಾಲರ್ ಕುತ್ತಿಗೆ ಕೊಯ್ಯುವುದರಿಂದ ಎಚ್ಚರವಾಗಿ ಕೆಲಸ ಮಾಡುತ್ತೇನೆ ಎಂದು ಹೊಗಳಿದ. ಬೇಕರಿಯವರು ಬೆಳಿಗ್ಗೆ ಸಂಜೆ ಬಿಸಿ ಬನ್ನು ಕಳಿಸಿದರು. ನಾನೂ ಕೆಳಗಿಳಿದು ಹೋಗಿ, ಹೊಲಿಗೆ ಯಂತ್ರದ ಸದ್ದಿಲ್ಲದೆ ನನಗೆ ಮಧ್ಯಾಹ್ನ ನಿದ್ದೆಯೇ ಬರುವುದಿಲ್ಲ ಎಂದು ಹೇಳಿಬಂದೆ. ಅದರ ಸದ್ದು ಕಡಿಮೆ ಮಾಡಿ ಎಂದು ಹಿಂದಿನ ತಿಂಗಳು ಗಲಾಟೆ ಮಾಡಿದ್ದವನು ನಾನೇ.

ಇಷ್ಟೂ ಹೊಗಳಿಕೆಯನ್ನು ಮಾಸ್ಟರ್ ಯಂತ್ರದ ಮೇಲೆ ಗಲ್ಲ ಊರಿಕೊಂಡು ಕೇಳಿದರು. ಇಷ್ಟು ವರ್ಷದ ಹೊಲಿಗೆಯಲ್ಲಿ ಒಬ್ಬರೂ ಒಂದು ಒಳ್ಳೆಯ ಮಾತಾಡಿರಲಿಲ್ಲ. ಒಬ್ಬೊಬ್ಬರು ಹೊಗಳಿ ಹೋದಾಗಲೂ ಅವರ ಮುಖ ಇನ್ನಷ್ಟು ಇಳಿಯುತ್ತಿತ್ತು. ಹೆಂಡತಿ ಬೈಯುವುದನ್ನು ನಿಲ್ಲಿಸಿದರು. ತಟ್ಟೆಯಲ್ಲಿ ಬನ್ನು ಮುರಿದಿಟ್ಟು, "ತಿನ್ನಿ" ಎಂದು ಮೆಲ್ಲಗೆ ಹೇಳಿ ಗೋಡೆ ಕಡೆ ತಿರುಗಿ ಗುಂಡಿ ಹೊಲಿಯುತ್ತಿದ್ದರು. ಮಾಸ್ಟರ್ ನನ್ನ ಹತ್ತಿರ ಒಮ್ಮೆ, "ಅವಳೂ ಬೈತಿಲ್ಲ ನೋಡಿ. ಇನ್ನೇನು ಉಳೀತು" ಎಂದರು.

ಶುಕ್ರವಾರ ಭಾಮೈದ ಅಕ್ಕನ ಮನೆಗೆ ಬಂದ. ಟೀ ಕುಡಿಯುತ್ತಾ, "ಭಾವ, ನಿಮ್ಮ ಟೈಲರ್ ರಿಪೋರ್ಟ್ ತಗೊಂಡೇ ಹೋಗಿಲ್ಲ. ಏನಿಲ್ಲ, ಸ್ವಲ್ಪ ರಕ್ತ ಕಮ್ಮಿ. ಸೊಪ್ಪು ತಿನ್ನಲಿ, ಮಾತ್ರೆ ಬರ್ಕೊಡ್ತಾರೆ" ಎಂದ.

ಗ್ಯಾರಂಟಿಯವರ ಹೆಂಡತಿ ಲೋಟ ಕೆಳಗಿಟ್ಟರು. "ಏನಿಲ್ವಾ? ಬೀದಿಯೆಲ್ಲ ಅವರು ಇನ್ನು ಕೆಲವೇ ದಿನ ಅಂತಿದೆ. ಅಂಗಡಿ ಬೇಕರಿಯವರಿಗೆ ಕೊಡ್ತಿದ್ದಾರೆ. ಯಾರು ಹೇಳಿದ್ದು ಅಂತ ಕೇಳಿದ್ರೆ ಎಲ್ಲಾ ನಿಮ್ಮ ಹೆಸರು ಹೇಳ್ತಾರೆ. ರೀ, ನೀವು ಮಾಸ್ಟರ್‌ಗೆ ಏನು ಹೇಳಿದ್ರಿ?"

"ನಾನೆಲ್ಲಿ ಹೇಳ್ದೆ? ಅವರು ಹೇಳಿದ್ದನ್ನೇ ಅವರಿಗೆ ಹೇಳ್ದೆ" ಎಂದರು ಗ್ಯಾರಂಟಿಯವರು.

"ಹೋಗಿ. ಏನೂ ಆಗಿಲ್ಲ ಅಂತ ಹೇಳಿ ಬನ್ನಿ. ಈಗಲೇ."

ಗ್ಯಾರಂಟಿಯವರು ಹೋದರು. ಆದರೆ ವಾರದ ಅಭ್ಯಾಸದಿಂದ ಮುಖ ಒಂದು ಆಕಾರಕ್ಕೆ ನಿಂತುಬಿಟ್ಟಿತ್ತು. ಹುಬ್ಬು ಇಳಿದೇ ಇತ್ತು, ಸೊಂಟ ತಾನಾಗಿ ಬಾಗುತ್ತಿತ್ತು, ದನಿ ಒದ್ದೆಯಾಗಿ ಬರುತ್ತಿತ್ತು. ಆ ಮುಖ ಹೊತ್ತುಕೊಂಡು ಅವರು ಮಾಸ್ಟರ್ ಎದುರು ನಿಂತು, "ಮಾಸ್ಟರ್, ನಿಮಗೆ ಏನೂ ಆಗಿಲ್ಲ" ಎಂದರು.

ಮಾಸ್ಟರ್ ಎದ್ದು ಬಂದು ಬೆನ್ನು ತಟ್ಟಿದರು. "ಇಂಥ ಮನಸ್ಸು ನಿನ್ನೊಳಗಿತ್ತು ಅಂತ ಗೊತ್ತೇ ಇರಲಿಲ್ಲ ಮಾರಾಯ. ಸುಳ್ಳು ಹೇಳೋಕೂ ಬರಲ್ಲ ನಿನಗೆ."

"ಸುಳ್ಳಲ್ಲ ಮಾಸ್ಟರ್. ರಕ್ತ ಕಮ್ಮಿ ಅಷ್ಟೇ. ಸೊಪ್ಪು ತಿನ್ನಬೇಕಂತೆ."

"ತಿಂತೀನಿ, ತಿಂತೀನಿ. ನಿನ್ನ ಸಮಾಧಾನಕ್ಕೆ ತಿಂತೀನಿ" ಎಂದು ಹೇಳಿ, ಕುತ್ತಿಗೆಯಿಂದ ಅಳತೆಯ ಟೇಪು ತೆಗೆದು, "ನಿಂತ್ಕೋ. ನಿನಗೊಂದು ಪ್ಯಾಂಟು ಹೊಲಿದು ಕೊಡ್ತೀನಿ. ನನ್ನ ಕೈಯಿಂದ ಕೊನೇದು. ಭಾನುವಾರದೊಳಗೆ ಮುಗಿಸ್ತೀನಿ" ಎಂದು ಅಳತೆ ತೆಗೆಯತೊಡಗಿದರು. ಅವರ ಕಣ್ಣು ತುಂಬಿತ್ತು, ಟೇಪಿನ ಅಂಕಿಗಳು ಕಾಣುತ್ತಿದ್ದವೋ ಇಲ್ಲವೋ ಅನುಮಾನ. ಗ್ಯಾರಂಟಿಯವರು ಅಳತೆ ಕೊಟ್ಟು ಬಂದರು.

ಶನಿವಾರ ಭಾಮೈದನನ್ನೇ ಎಳೆದುಕೊಂಡು ಹೋದರು. ಅವನು ರಿಪೋರ್ಟ್ ಹಿಡಿದು, ಒಂದೊಂದೇ ಸಾಲು ಓದಿ, ರಕ್ತ ಸ್ವಲ್ಪ ಕಮ್ಮಿ, ಉಳಿದದ್ದೆಲ್ಲ ಸರಿಯಾಗಿದೆ ಎಂದು ಬೀದಿಯವರ ಎದುರೇ ವಿವರಿಸಿದ. ಟೀಚರ್ ಅವನನ್ನು ಪಕ್ಕಕ್ಕೆ ಕರೆದು, "ಭಾವನ ಮಾತು ಮೀರಲಾರದೆ ಹೇಳ್ತಿದ್ದೀಯಾ, ಗೊತ್ತಾಗುತ್ತೆ. ಒಳ್ಳೇ ಮನೆತನ ನಿಮ್ಮದು" ಎಂದರು. ಬೇರೆ ಲ್ಯಾಬಿನಲ್ಲಿ ಮಾಡಿಸಿ ನೋಡಿ ಎಂದು ಅವನು ಮಾಸ್ಟರ್‌ಗೆ ಗೋಗರೆದ. "ಇರೋದೇ ಕಮ್ಮಿ ರಕ್ತ, ಅದನ್ನೂ ಯಾಕೆ ಊರಿಗೆಲ್ಲ ಹಂಚಲಿ" ಎಂದರು ಮಾಸ್ಟರ್. ಬೇಕರಿಯವರು ಭಾಮೈದನ ಕೈಗೂ ಒಂದು ಬನ್ನು ಕೊಟ್ಟು ಕಳಿಸಿದರು.

ಗ್ಯಾರಂಟಿಯವರು ಅಂಗಡಿಗೆ ಹೋಗಿ ತರಬೇತಿಯ ಮೇಡಂಗೆ ಫೋನ್ ಮಾಡಿದರು. "ಮೇಡಂ, ಒಬ್ಬರ ಕಷ್ಟ ಪೂರ್ತಿ ಅರ್ಥ ಮಾಡ್ಕೊಂಡಿದ್ದೀನಿ. ಇನ್ನು ಮುಂದೆ ಏನು ಮಾಡ್ಬೇಕು?"

"ಅದನ್ನೇ ಅಲ್ವಾ ಊಟ ಆದ್ಮೇಲೆ ಅಷ್ಟು ಹೊತ್ತು ಹೇಳಿದ್ದು?" ಎಂದರು ಮೇಡಂ. "ನೆನಪಿದೆ ತಾನೇ?"

ನಿದ್ದೆ ಮಾಡಿದ್ದೆ ಎಂದು ಹೇಳಲು ಗ್ಯಾರಂಟಿಯವರಿಗೆ ನಾಲಿಗೆ ಏಳಲಿಲ್ಲ. "ನೆನಪಿದೆ ಮೇಡಂ, ಬಹಳ ಚೆನ್ನಾಗಿತ್ತು" ಎಂದು ಹೇಳಿ ಫೋನ್ ಇಟ್ಟರು. ತಲೆಯೆತ್ತಿದರೆ ಕೌಂಟರಿನ ಎದುರು ಮಿಕ್ಸಿಯ ಹೆಂಗಸು ನಿಂತಿದ್ದರು. ಅಭ್ಯಾಸಬಲದಿಂದ ಗ್ಯಾರಂಟಿಯವರು ಕುರ್ಚಿ ಎಳೆದು ಮುಂದಕ್ಕೆ ಬಾಗಿದರು.

"ಕುರ್ಚಿ ಬೇಡ" ಎಂದರು ಆಕೆ. "ಮೊನ್ನೆ ನನ್ನ ಗೋಳೆಲ್ಲ ಕೇಳಿದ್ರಿ, ಉಪಕಾರ ಆಯ್ತು. ಮನೆಗೆ ಹೋಗಿ ನೋಡಿದ್ರೆ ಬ್ಲೇಡು ಹಾಗೇ ಇದೆ. ನಿಮಗೆ ಅರ್ಥ ಆಗಿದ್ದು ಸಾಕು. ಇದು ತಿರುಗೋ ಹಾಗೆ ಮಾಡಿಕೊಡಿ."

ಹಿಂದೆ ಫ್ಯಾನಿನವನೂ ನಿಂತಿದ್ದ. ಅವನ ಹಿಂದೆ ಆ ವಾರ ಹಗುರಾಗಿ ಮನೆಗೆ ಹೋದವರೆಲ್ಲ ಭಾರ ಹೊತ್ತುಕೊಂಡು ನಿಂತಿದ್ದರು. ಕೋಣೆಯ ಗಾಜಿನ ಹಿಂದೆ ಮಾಲೀಕರ ಮುಖ ಕಾಣಿಸಿತು, ಫಲಕ ಕಾಣಿಸಲಿಲ್ಲ. ಗ್ಯಾರಂಟಿಯವರು ಮಿಕ್ಸಿಯನ್ನು ತಿರುಗಿಸಿ ನೋಡಿದರು. ಇಷ್ಟು ವರ್ಷದಲ್ಲಿ ತಂದುಕೊಟ್ಟ ಮಾಲನ್ನು ಅವರು ತಿರುಗಿಸಿ ನೋಡಿದ್ದು ಅದೇ ಮೊದಲು. ಅಡಿಯಲ್ಲಿ ಒಂದು ಸ್ಕ್ರೂ ಸಡಿಲವಾಗಿತ್ತು. ಬಿಗಿ ಮಾಡಿದರು, ಬ್ಲೇಡು ತಿರುಗಿತು. ಹೆಂಗಸು, "ಇಷ್ಟೇನಾ?" ಎಂದು ಕೇಳಿ, ಥ್ಯಾಂಕ್ಸ್ ಕೂಡ ಹೇಳದೆ ಹೋದರು.

ಭಾನುವಾರ ಬೆಳಿಗ್ಗೆ ಬೀದಿಯೆಲ್ಲ ಟೈಲರ್ ಅಂಗಡಿಯ ಮುಂದೆ ಸೇರಿತು. ಮಾಸ್ಟರ್ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದರು. ಮೇಜಿನ ಮೇಲೆ ದೊಡ್ಡ ಕತ್ತರಿ, ಸುತ್ತಿಟ್ಟ ಟೇಪು, ಬೀಗದ ಕೈ ಸಾಲಾಗಿ ಇಟ್ಟಿದ್ದರು. ಬೇಕರಿಯವರು ಕೈಯಲ್ಲಿದ್ದ ಹಿಟ್ಟು ತೊಳೆದು, ಗಂಭೀರವಾಗಿ ಮುಂದೆ ನಿಂತಿದ್ದರು. ಮಾಸ್ಟರ್ ಹೆಂಡತಿ ಮಣೆಯ ಮೇಲೆ ಕೂತು ಗುಂಡಿಯ ಡಬ್ಬವನ್ನು ಮಡಿಲಲ್ಲಿ ಹಿಡಿದಿದ್ದರು, ತಲೆ ಎತ್ತಿರಲಿಲ್ಲ.

"ಮೊದಲು ಗ್ಯಾರಂಟಿ" ಎಂದರು ಮಾಸ್ಟರ್. "ಎಲ್ಲರಿಗಿಂತ ಮುಂಚೆ ನನ್ನ ಕಷ್ಟ ಅರ್ಥ ಮಾಡ್ಕೊಂಡೋನು." ಪ್ಯಾಂಟು ಕೊಟ್ಟು, ಪರದೆಯ ಮೂಲೆ ತೋರಿಸಿದರು.

ಗ್ಯಾರಂಟಿಯವರು ಪರದೆಯ ಹಿಂದೆ ಹೋಗಿ ಪ್ಯಾಂಟು ಹಾಕಿಕೊಂಡು ಹೊರಗೆ ಬಂದರು. ಎಲ್ಲರೂ ನೋಡಿದರು. ಪ್ಯಾಂಟಿನ ಬಲಗಾಲು ಚಪ್ಪಲಿಯನ್ನು ಮುಚ್ಚಿ ನೆಲದ ಮೇಲೆ ಹರಡಿತ್ತು. ಎಡಗಾಲು ಕಾಲಿನ ಗಂಟಿನ ಮೇಲೇ ನಿಂತುಹೋಗಿತ್ತು. ಸೊಂಟದ ಬಿಗಿಗೆ ಗ್ಯಾರಂಟಿಯವರ ಮುಖ ಕೆಂಪಾಗಿತ್ತು.

"ಆಹಾ" ಎಂದರು ಟೀಚರ್. "ಏನು ಫಿಟಿಂಗು" ಎಂದ ಪೋಸ್ಟ್‌ಮ್ಯಾನ್. ನಾನು ಕೂಡ ತಲೆಯಾಡಿಸಿದೆ. ಗ್ಯಾರಂಟಿಯವರ ಹೆಂಡತಿ ಗಂಡನಿಗೆ ಕಣ್ಣಲ್ಲೇ, ಸುಮ್ಮನೆ ಹೊಗಳಿ ಎಂದು ಸನ್ನೆ ಮಾಡಿದರು.

ಗ್ಯಾರಂಟಿಯವರು ಕನ್ನಡಿಯಲ್ಲಿ ನೋಡಿಕೊಂಡರು. ಎರಡು ಹೆಜ್ಜೆ ನಡೆದು ಬಲಗಾಲನ್ನು ತುಳಿದು ಮುಗ್ಗರಿಸಿದರು. ಎದ್ದು ನಿಂತಾಗ ಅವರ ಹುಬ್ಬು ಮೇಲೇರಿತ್ತು, ಸೊಂಟ ನೆಟ್ಟಗಾಗಿತ್ತು. ಬಾಗೋಣವೆಂದರೂ ಪ್ಯಾಂಟು ಬಿಡುತ್ತಿರಲಿಲ್ಲ.

"ಮಾಸ್ಟರ್, ಎಡಗಾಲು ಗಿಡ್ಡ."

ಮಾಸ್ಟರ್ ಬೀಗದ ಕೈ ಎತ್ತಿಕೊಂಡವರು ಹಾಗೇ ನಿಂತರು. "ಏನಂದೆ?"

"ಗಿಡ್ಡ ಅಂದೆ. ಬಲಗಾಲು ನೆಲ ಗುಡಿಸ್ತಿದೆ, ಎಡಗಾಲು ಮಂಡಿಗೆ ಹೊರಟಿದೆ. ಕೂತ್ರೆ ಹಿಂದೆ ಹರಿಯುತ್ತೆ. ಇದನ್ನ ಹಾಕ್ಕೊಂಡು ನಾನು ಎಲ್ಲಿಗೆ ಹೋಗ್ಲಿ?"

"ಇರಲಿ ಬಿಡ್ರೀ, ಇಂಥ ಹೊತ್ತಲ್ಲಿ" ಎಂದರು ಬೇಕರಿಯವರು.

"ಇನ್ಯಾವ ಹೊತ್ತಲ್ಲಿ ಹೇಳ್ಲಿ? ನಾಳೆ ಇಲ್ಲಿ ನೀವಿರ್ತೀರಿ. ಎಡಗಾಲು ಗಿಡ್ಡ ಅಂತ ಬನ್ನಿಗೆ ಹೇಳ್ಲಾ?"

"ನಿನ್ನ ಕಾಲೇ ಸೊಟ್ಟ" ಎಂದರು ಮಾಸ್ಟರ್. ಅವರ ದನಿ ಆ ವಾರ ನಾವು ಕೇಳಿದ ದನಿಯಾಗಿರಲಿಲ್ಲ. "ನೆಟ್ಟಗೆ ನಿಂತ್ಕೊಳ್ಳೋಕೆ ಬರಲ್ಲ, ಅಳತೆ ಕೊಡುವಾಗ ಒಂದು ಕಡೆ ವಾಲ್ಕೊಂಡು ನಿಂತಿದ್ದೆ, ಮೇಲಿಂದ ನನ್ನ ಹೊಲಿಗೆಗೆ ಹೆಸರಿಡ್ತೀಯಾ?"

"ನಾನು ವಾಲಿಲ್ಲ. ನೀವು ಟೇಪು ನೋಡ್ಲಿಲ್ಲ."

"ನಾನು ಟೇಪು ನೋಡ್ಲಿಲ್ವಾ? ನೀನು ಹುಟ್ಟೋಕೆ ಮುಂಚೆ ಟೇಪು ಹಿಡಿದೋನು ನಾನು."

"ಹಾಗಾದ್ರೆ ಈಗ ಹಿಡೀರಿ. ಎಲ್ಲರೂ ನೋಡ್ಲಿ."

ಮಾಸ್ಟರ್ ಬೀಗದ ಕೈಯನ್ನು ಎಲ್ಲೋ ಎಸೆದು ಟೇಪು ಕಿತ್ತುಕೊಂಡರು. ವಾರದಿಂದ ಮೆಟ್ಟಿಲು ಹತ್ತಲಾರದೆ ಗೋಡೆ ಹಿಡಿದು ನಡೆಯುತ್ತಿದ್ದ ಮನುಷ್ಯ ಒಂದೇ ಏಟಿಗೆ ಮಂಡಿಯೂರಿ ಕೂತರು. ಬಲಗಾಲು ಅಳೆದರು. ಎಡಗಾಲು ಅಳೆದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ, ಹಾಕಿಕೊಂಡು, ಎಡಗಾಲನ್ನು ಮತ್ತೆ ಅಳೆದರು.

"ಎಷ್ಟಿದೆ?" ಎಂದರು ಗ್ಯಾರಂಟಿಯವರು.

"ಇದೆ ಸ್ವಲ್ಪ" ಎಂದರು ಮಾಸ್ಟರ್. ನೆಲದ ಮೇಲೆ ಕೂತಲ್ಲೇ ತಲೆಯೆತ್ತಿ ಗ್ಯಾರಂಟಿಯವರ ಮುಖ ನೋಡಿದರು. ಆ ಮುಖದಲ್ಲಿ ಮರುಕದ ಲವಲೇಶವೂ ಇರಲಿಲ್ಲ. ಪ್ಯಾಂಟು ಕೆಟ್ಟುಹೋದ ಗಿರಾಕಿಯ ಸಿಟ್ಟು ಮಾತ್ರ ಇತ್ತು. ಮಾಸ್ಟರ್ ಆ ಮುಖವನ್ನು ಎಲ್ಲ ಕಡೆಯಿಂದಲೂ ಪರೀಕ್ಷಿಸಿ ನೋಡಿದರು.

"ಲೋ ಗ್ಯಾರಂಟಿ. ನಿಜ ಹೇಳು. ನಾನು ಸಾಯ್ತಿದ್ದೀನಾ, ಇಲ್ವಾ?"

"ಸಾಯೋ ಹಾಗಿದ್ರೆ ಚೆನ್ನಾಗಿದೆ ಅಂತ ಹೇಳಿ, ಇದನ್ನೇ ಹಾಕ್ಕೊಂಡು ಮನೆಗೆ ಹೋಗ್ತಿರಲಿಲ್ವಾ ನಾನು?"

ಟೀಚರ್ ತಮ್ಮ ಕೋಟಿನ ತೋಳಿನ ಕಡೆ ನೋಡಿಕೊಂಡರು, ಪೋಸ್ಟ್‌ಮ್ಯಾನ್ ಕಾಲರ್ ಸಡಿಲಿಸಿಕೊಂಡ. ಮಾಸ್ಟರ್ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದರು. ಭಾಮೈದನ ರಿಪೋರ್ಟು ಮಾಡಲಾಗದ ಕೆಲಸವನ್ನು ಈ ಒಂದು ಮಾತು ಮಾಡುತ್ತಿದ್ದುದು ನಮಗೆಲ್ಲ ಕಾಣುತ್ತಿತ್ತು. ಕೊನೆಗೆ ಅವರು ಮೇಜು ಹಿಡಿದುಕೊಂಡು ಎದ್ದು, ಟೇಪನ್ನು ಕುತ್ತಿಗೆಗೆ ಹಾಕಿಕೊಂಡರು.

"ಬಿಚ್ಚು" ಎಂದರು.

"ಇಲ್ಲೇನಾ?"

"ಪರದೆ ಯಾಕಿದೆ? ಒಳಗೆ ಹೋಗಿ ಬಿಚ್ಚಿ ಕೊಡು. ಎಡಗಾಲು ಇಳಿಸ್ತೀನಿ. ನಾಳೆ ಬಾ."

ಮಣೆಯ ಮೇಲೆ ಕೂತಿದ್ದ ಮಾಸ್ಟರ್ ಹೆಂಡತಿ ತಲೆ ಎತ್ತಿದರು. "ಏನಂದ್ರಿ?"

"ಅವನಿಗೆ ಹೇಳ್ದೆ. ನಾಳೆ ಬರೋಕೆ."

"ಇನ್ನೊಂದ್ಸಲ ಹೇಳಿ."

"ನಾಳೆ ಅಂದೆ ಕಣೇ, ನಾಳೆ. ಕಿವಿ ಕೇಳ್ಸಲ್ವಾ?"

ಮಡಿಲಲ್ಲಿದ್ದ ಡಬ್ಬ ಜಾರಿ ಗುಂಡಿಗಳೆಲ್ಲ ಹೊಸ್ತಿಲಿನಿಂದ ಬೀದಿಗೆ ಉರುಳಿದವು. ಆಕೆ ಆ ವಾರದಲ್ಲಿ ಮೊದಲ ಸಲ ದೊಡ್ಡ ದನಿಯಲ್ಲಿ ಅತ್ತರು. ಬೇಕರಿಯವರು ಕೆಳಗೆ ಬಿದ್ದಿದ್ದ ಬೀಗದ ಕೈಯನ್ನು ಹುಡುಕಿ ತಂದು ಮೇಜಿನ ಮೇಲಿಟ್ಟು, ಒಂದು ಗಳಿಗೆ ಗೋಡೆಯನ್ನು ನೋಡಿ, ಓವನ್ ಆರಿಹೋಗುತ್ತದೆ ಎಂದು ಹೇಳಿ ಹೊರಟರು. ಅಳುತ್ತಿದ್ದಂತೆಯೇ ಆಕೆಯ ಬೈಗುಳ ಶುರುವಾಯಿತು. ಬುದ್ಧಿ ಇಲ್ಲದ ಮನುಷ್ಯ ಎಂದರು, ರಿಪೋರ್ಟ್ ತರೋಕೆ ಕಾಲು ಸವೆಯುತ್ತಿತ್ತಾ ಎಂದರು, ನನ್ನನ್ನ ಒಂದು ಮಾತು ಕೇಳದೆ ಅಂಗಡಿ ಕೊಡೋಕೆ ಹೊರಟಿದ್ರಲ್ಲ ಎಂದರು, ಈ ಏಳು ದಿನ ನಾನು ಹೇಗೆ ಕಳೆದೆ ಅಂತ ಗೊತ್ತಾ ಎಂದರು. ಮಾಸ್ಟರ್ ಎಡಗಾಲಿನ ಹೊಲಿಗೆ ಬಿಚ್ಚಲು ತೆಗೆದುಕೊಂಡಿದ್ದ ಪ್ಯಾಂಟನ್ನು ಕೆಳಗಿಟ್ಟು, ಹೆಂಡತಿಯ ಪಕ್ಕದಲ್ಲಿ ಹೊಸ್ತಿಲ ಮೇಲೆ ಕೂತು, ಆಕೆ ಬೈದು ಮುಗಿಸುವವರೆಗೂ ಕೇಳಿದರು.